ಪ್ಲಾನ್ ಮಾಡುತ್ತಲೇ ವರ್ಷ ಕಳೆಯಿತು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮೂರು ಮಂಡ್ಯದ ಹತ್ತಿರ. ಎರಡು ಎಕರೆ ನಾಲೆ ಬಯಲಿನ ಜಮೀನಿದೆ. ಅಪ್ಪ ಮೊದಲಿಂದಲೂ ಕಬ್ಬು ಹಾಕುತ್ತಾರೆ, ಒಂದಿಷ್ಟು ಭತ್ತ. ನಾನು ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಜಮೀನಿನಲ್ಲಿ ಬೇರೆ ಏನಾದರೂ ಮಾಡಬೇಕು ಅಂತ ಆಸೆ. ತರಕಾರಿ, ಕುರಿ, ಡ್ರ್ಯಾಗನ್ ಫ್ರೂಟ್, ಪಾಲಿಹೌಸ್, ಎಲ್ಲದರ ವಿಡಿಯೋನೂ ನೋಡಿದ್ದೇನೆ. ಖರ್ಚು ಎಷ್ಟು, ಲಾಭ ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡಿಟ್ಟಿದ್ದೇನೆ. ವರ್ಷದ ಮೇಲಾಯ್ತು, ಒಂದೂ ಶುರುವಾಗಿಲ್ಲ. ಯೋಚನೆ ಮಾಡಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಕೆಲವು ರಾತ್ರಿ ನಿದ್ದೆನೂ ಬರಲ್ಲ. ಎಲ್ಲಿಂದ ಶುರು ಮಾಡಲಿ? ಕೆಲಸ ಬಿಟ್ಟು ಪೂರ್ತಿ ಇಳಿದುಬಿಡಲಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎರಡು ಎಕರೆಯ ಯೋಚನೆ ಸದ್ಯಕ್ಕೆ ಬಿಡಿ. ಒಂದು ಗುಂಟೆ ಆರಿಸಿಕೊಳ್ಳಿ. ಅದರಲ್ಲಿ ಒಂದೇ ಒಂದು ಸೊಪ್ಪು ಹಾಕಿ. ಬರುವ ಭಾನುವಾರವೇ ಕೈ ಹಾಕಿ. ಕೆಲಸ ಬಿಡಬೇಡಿ. ಯಾಕೆ ಹೀಗೆ ಹೇಳುತ್ತಿದ್ದೇನೆ, ಹೇಗೆ ಮಾಡಬೇಕು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರಬೇಕು ಅಂದುಕೊಂಡವರು ಕೇಳುತ್ತಾರೆ. ಟೈಲರಿಂಗ್ ಅಂಗಡಿ ಇಡಬೇಕು ಅಂದುಕೊಂಡವರು ಕೇಳುತ್ತಾರೆ. ಎಲ್ಲರ ಕೈಯಲ್ಲೂ ದೊಡ್ಡ ಪ್ಲಾನ್ ಇರುತ್ತದೆ, ಯಾರ ಕೈಯಲ್ಲೂ ಕೆಲಸ ಇರುವುದಿಲ್ಲ. ನಿಮ್ಮದು ಜಮೀನಿನ ವಿಷಯ, ಹಾಗಾಗಿ ಜಮೀನಿನ ಮಾತಲ್ಲೇ ಹೇಳುತ್ತೇನೆ.

ಯೋಚನೆ ಯಾಕೆ ಮುಗಿಯುವುದಿಲ್ಲ?

ನಿಮ್ಮ ತಲೆಯಲ್ಲಿ ಓಡುತ್ತಿರುವ ಪ್ರಶ್ನೆಗಳನ್ನು ಒಂದು ಸಲ ಬಿಡಿಬಿಡಿಯಾಗಿ ನೋಡಿ. ನಮ್ಮ ಮಣ್ಣಲ್ಲಿ ತರಕಾರಿ ಬರುತ್ತಾ? ಪಕ್ಕದ ಗದ್ದೆಯ ನೀರು ಜಿನುಗಿ ಬೇರು ಕೊಳೆತರೆ? ನಾಲೆಯಲ್ಲಿ ನೀರಿಲ್ಲದ ದಿನ ಏನು ಮಾಡೋದು? ಬೆಳಗಿನ ಜಾವ ಕೀಳೋದು ಯಾರು? ತಗೊಳ್ಳೋದು ಯಾರು? ಇವುಗಳಲ್ಲಿ ಒಂದಕ್ಕೂ ಫೋನಿನಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ನಿಮ್ಮ ಜಮೀನಿನಲ್ಲಿ, ನಿಮ್ಮೂರಿನ ಅಂಗಡಿಯಲ್ಲಿ. ಇಲ್ಲದ ಕಡೆ ಹುಡುಕುತ್ತಿದ್ದರೆ ಹುಡುಕಾಟ ಮುಗಿಯುವುದಾದರೂ ಹೇಗೆ?

ವಿಡಿಯೋದಲ್ಲಿ ಕಾಣುವುದು ಇನ್ನೊಬ್ಬರ ಜಮೀನು. ಕೋಲಾರದ ಕೆಂಪು ಮಣ್ಣಿನಲ್ಲಿ ಡ್ರಿಪ್ ಹಾಕಿ ಟೊಮೆಟೊ ಬೆಳೆದವರ ಅನುಭವ ಅವರ ಮಟ್ಟಿಗೆ ನಿಜವೇ. ಆದರೆ ನಿಮ್ಮದು ನಾಲೆ ಬಯಲು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಜೌಗು ಹಿಡಿದ, ಉಪ್ಪು ಮೇಲೆದ್ದ ಜಾಗಗಳು ಬೇಕಾದಷ್ಟಿವೆ. ನಿಮ್ಮ ಬದುವಿನಿಂದ ಆಚೆ ಬದುವಿಗೇ ಮಣ್ಣಿನ ಗುಣ ಬೇರೆ ಇರಬಹುದು. ಅದನ್ನು ಬೆಂಗಳೂರಿನಲ್ಲಿ ಕೂತು ವಿಡಿಯೋ ಮಾಡುವವರು ಹೇಳಲಾರರು.

ಆಯ್ಕೆ ಜಾಸ್ತಿಯಾದರೆ ಕೈ ನಿಲ್ಲುತ್ತದೆ ಅನ್ನುವುದಕ್ಕೆ ಒಂದು ಹೆಸರುವಾಸಿ ಪ್ರಯೋಗವಿದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು 2000ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಒಂದು ದಿನಸಿ ಅಂಗಡಿಯಲ್ಲಿ ಜಾಮ್ ರುಚಿ ನೋಡಲು ಮೇಜು ಇಟ್ಟರು. ಒಂದು ಸಲ 24 ಬಗೆ, ಇನ್ನೊಂದು ಸಲ 6 ಬಗೆ. 24 ಬಗೆ ಇದ್ದಾಗ ನಿಂತು ನೋಡಿದವರು ಜಾಸ್ತಿ. ಆದರೆ ಹಾಗೆ ನಿಂತವರಲ್ಲಿ ಕೊಂಡವರು ಶೇ. 3ರಷ್ಟು ಮಾತ್ರ. 6 ಬಗೆ ಇದ್ದಾಗ ನಿಂತವರಲ್ಲಿ ಶೇ. 30ರಷ್ಟು ಜನ ಕೊಂಡರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಹೀಗೇ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಏನು ಬೇಕು ಅಂತ ಮೊದಲೇ ಗೊತ್ತಿದ್ದವರಿಗೆ ಆಯ್ಕೆ ಎಷ್ಟಿದ್ದರೂ ತೊಂದರೆಯಿಲ್ಲ. ತೊಂದರೆ ಆಗುವುದು ಏನು ಬೇಕು ಅಂತ ಇನ್ನೂ ಗೊತ್ತಿಲ್ಲದವರಿಗೆ. ಕುರಿ, ಡ್ರ್ಯಾಗನ್ ಫ್ರೂಟ್, ಪಾಲಿಹೌಸ್ ಮೂರನ್ನೂ ಒಂದೇ ರಾತ್ರಿ ತೂಗಿ ನೋಡುವ ನೀವು ಈಗ ಇರುವುದು ಅಲ್ಲೇ.

ಇನ್ನು ನಿಮ್ಮ ಎಕ್ಸೆಲ್ ಶೀಟ್. ಅದನ್ನು ತೆಗೆದು ಒಂದು ಕೆಲಸ ಮಾಡಿ. ಟೊಮೆಟೊ ಕೆಜಿಗೆ ಎಷ್ಟು ಅಂತ ಬರೆದಿದ್ದೀರೋ ಅದನ್ನು ಅರ್ಧಕ್ಕೆ ಇಳಿಸಿ. ಕೆಳಗಿನ ಲಾಭ ಏನಾಯಿತು ನೋಡಿ. ಶೀಟಿನ ಒಂದೇ ಚೌಕದ ಅಂಕಿ ಬದಲಾದರೆ ಇಡೀ ಲೆಕ್ಕ ಮಗುಚಿಕೊಳ್ಳುತ್ತದೆ ಅಂದರೆ, ಅದಿನ್ನೂ ಲೆಕ್ಕ ಆಗಿಲ್ಲ, ಊಹೆಯ ಮೇಲೆ ಕಟ್ಟಿದ ಊಹೆ. ಎಷ್ಟು ದಿನ ಹಿಡಿಯುತ್ತೆ, ಎಷ್ಟು ಖರ್ಚಾಗುತ್ತೆ ಅಂತ ಮುಂಚೆಯೇ ಅಂದಾಜು ಮಾಡುವಾಗ ಮನುಷ್ಯರು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಹಿಂದೆ ಇದೇ ಥರದ ಕೆಲಸಕ್ಕೆ ಎಷ್ಟು ಹಿಡಿಯಿತು ಅಂತ ಗೊತ್ತಿದ್ದವರೂ ಈ ಸಲ ಬೇಗ ಮುಗಿಯುತ್ತೆ ಅಂದುಕೊಳ್ಳುತ್ತಾರೆ. ಮನೆ ಕಟ್ಟಿಸಿದ ಯಾರನ್ನು ಬೇಕಾದರೂ ಕೇಳಿ. ಇದಕ್ಕೆ ಮದ್ದು ಇನ್ನೂ ದೊಡ್ಡ ಶೀಟ್ ಅಲ್ಲ. ನಿಮ್ಮದೇ ಜಮೀನಿನಿಂದ ಬಂದ ಒಂದೆರಡು ನಿಜವಾದ ಅಂಕಿ.

ಯಾವುದಕ್ಕೆ ಯೋಚನೆ ಬೇಕು, ಯಾವುದಕ್ಕೆ ಬೇಡ

ಯೋಚನೆ ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲದಕ್ಕೂ ಒಂದೇ ಅಳತೆಯ ಯೋಚನೆ ಸುರಿಯಬೇಡಿ ಅನ್ನುತ್ತಿದ್ದೇನೆ, ಅಷ್ಟೆ.

ತೆಂಗಿನ ಸಸಿ ನೆಟ್ಟರೆ ಅದು ನಿಮ್ಮ ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಗುಂಡಿಯಿಂದ ಗುಂಡಿಗೆ 25 ಅಡಿ ಬಿಡಬೇಕಾದ ಕಡೆ 15 ಅಡಿ ಬಿಟ್ಟರೆ ಆಮೇಲೆ ಸರಿಪಡಿಸಲು ಆಗದು. ಬೋರ್ ಕೊರೆಸಿದ ದುಡ್ಡು ವಾಪಸ್ ಬರದು. ಪಾಲಿಹೌಸ್‌ಗೆ ಲಕ್ಷಗಟ್ಟಲೆ ಸಾಲ ಎತ್ತಿದರೆ ಬೆಳೆ ಬರಲಿ ಬಿಡಲಿ ಕಂತು ಕಟ್ಟಬೇಕು. ಡ್ರ್ಯಾಗನ್ ಫ್ರೂಟ್‌ಗೆ ಕಂಬ ನಿಲ್ಲಿಸಬೇಕು, ಅದೂ ವರ್ಷಗಟ್ಟಲೆ ಇರುವ ಗಿಡ. ಕೆಲಸಕ್ಕೆ ರಾಜೀನಾಮೆಯೂ ಇದೇ ಗುಂಪಿಗೆ ಸೇರಿದ್ದು. ಇವುಗಳಿಗೆ ಆರು ತಿಂಗಳು ಬೇಕಾದರೂ ಯೋಚನೆ ಮಾಡಿ, ನಾಲ್ಕು ಜನರನ್ನು ಕೇಳಿ.

ಒಂದು ಮಡಿ ಸೊಪ್ಪು ಕೆಟ್ಟರೆ? ಅಗೆದು ಮಣ್ಣಿಗೇ ಸೇರಿಸಿ, ಮುಂದಿನ ವಾರ ಇನ್ನೊಂದು ಹಾಕುತ್ತೀರಿ. ಇದಕ್ಕೆ ಒಂದು ಸಂಜೆಗಿಂತ ಜಾಸ್ತಿ ಯೋಚನೆ ದಂಡ. ನಿಮ್ಮ ಗೊಂದಲದ ಮೂಲ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ತಿದ್ದಿಕೊಳ್ಳಬಹುದಾದದ್ದು, ತಿದ್ದಿಕೊಳ್ಳಲಾಗದ್ದು ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡಿದ್ದೀರಿ.

ನಿಮ್ಮ ಗದ್ದೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಕಥೆಯಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಈಗ ಅದರ ಪೂರ್ಣ ಮಟ್ಟ 124.80 ಅಡಿ, ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಆದರೆ 1911ರಲ್ಲಿ ಕೆಲಸ ಶುರುವಾದಾಗ ಅಷ್ಟು ಎತ್ತರಕ್ಕೆ ಒಪ್ಪಿಗೆ ಇರಲಿಲ್ಲ. ಮದ್ರಾಸ್ ಸರ್ಕಾರದ ತಕರಾರು ಇತ್ತು. ಸಿಕ್ಕಿದ್ದು 80 ಅಡಿಗೆ ಮಾತ್ರ. ಪೂರ್ತಿ ಒಪ್ಪಿಗೆ ಬರಲಿ ಅಂತ ಮೈಸೂರು ಸರ್ಕಾರ ಕೈಕಟ್ಟಿ ಕೂರಲಿಲ್ಲ. ವಿಶ್ವೇಶ್ವರಯ್ಯನವರು ಆಗ ಚೀಫ್ ಎಂಜಿನಿಯರ್. ಬುನಾದಿಯನ್ನು ಮಾತ್ರ ಮುಂದೆ ಏರಿಸುವ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಎರಡೂ ಸರ್ಕಾರಗಳ ನಡುವೆ ಒಪ್ಪಂದ ಆದದ್ದು 1924ರಲ್ಲಿ. ಅಲ್ಲಿಯವರೆಗೆ ಕಾದಿದ್ದರೆ ಎಷ್ಟು ವರ್ಷ ಹೋಗುತ್ತಿತ್ತು ಲೆಕ್ಕ ಹಾಕಿ. ಬುನಾದಿ ಆಮೇಲೆ ಅಗಲ ಮಾಡಲು ಬರುವುದಿಲ್ಲ, ಎತ್ತರ ಆಮೇಲೆ ಏರಿಸಬಹುದು. ಯೋಚನೆ ಎಲ್ಲಿ ಬೇಕೋ ಅಲ್ಲಿ ಪೂರ್ತಿ ಹಾಕಿದರು, ಉಳಿದದ್ದನ್ನು ಶುರು ಮಾಡಿದರು.

ನಿಮ್ಮ ಮಟ್ಟಿಗೆ ಬುನಾದಿ ಅಂದರೆ ಮಣ್ಣು ಪರೀಕ್ಷೆ. ಇದನ್ನು ಮಾತ್ರ ಎರಡೂ ಎಕರೆಗೆ ಈಗಲೇ ಮಾಡಿಸಿಬಿಡಿ. ಹತ್ತು ಕಡೆ ಅಂಕುಡೊಂಕಾಗಿ ನಡೆದು, ಪ್ರತಿ ಕಡೆ ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳದವರೆಗೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಗುಂಡಿ ತೆಗೆದು, ಅದರ ಬದಿಯಿಂದ ಒಂದು ಪದರ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಚೀಲದ ಮೇಲೆ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕಟ್ಟಿ ಕೊಡಿ. ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗದ ಮಣ್ಣು ಬೇಡ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ.

ವಿ.ಸಿ. ಫಾರಂ ಅಂದಾಗ ಇನ್ನೊಂದು ಮಾತು. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ಬೆಳೆಸಿದ್ದು ಅಲ್ಲೇ. ಯಾವ ಹೊಸ ತಳಿಯೂ ನೇರ ಎಕರೆಗಟ್ಟಲೆ ಹೊಲಕ್ಕೆ ಹೋಗುವುದಿಲ್ಲ. ಮೊದಲು ಚಿಕ್ಕ ಚಿಕ್ಕ ತಾಕಿನಲ್ಲಿ ಬಿತ್ತಿ ನೋಡುತ್ತಾರೆ, ಆಮೇಲೆ ರೈತರ ಹೊಲದಲ್ಲಿ ಒಂದಿಷ್ಟು ಜಾಗದಲ್ಲಿ. ಅದನ್ನೇ ಓದಿ ಬಂದ ವಿಜ್ಞಾನಿಗಳೇ ಚಿಕ್ಕ ತಾಕಿನಿಂದ ಶುರು ಮಾಡುವಾಗ ನಾವು ಯಾಕೆ ಎರಡು ಎಕರೆಯಿಂದ ಶುರು ಮಾಡಬೇಕು?

ಒಂದು ಗುಂಟೆ ಅಂದರೆ ಇಷ್ಟು

33 ಅಡಿ ಉದ್ದ, 33 ಅಡಿ ಅಗಲ. ಎಕರೆಯಲ್ಲಿ 40ನೇ ಒಂದು ಪಾಲು. ನಾಲ್ಕು ಗೂಟ, ಒಂದು ಹಗ್ಗ ಸಾಕು ಅಳೆಯಲು. ಜಾಗ ಆರಿಸುವಾಗ ಒಂದೇ ವಿಷಯ ನೋಡಿ: ನೀರು ಹತ್ತಿರ ಇರಬೇಕು. ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಕಬ್ಬು ತಡೆದುಕೊಳ್ಳುತ್ತದೆ, ಸೊಪ್ಪು ತಡೆಯದು. ಹಾಗಾಗಿ ಪಂಪ್‌ಸೆಟ್ ಪಕ್ಕವೋ, ಮನೆ ಹಿತ್ತಲಿಗೆ ಅಂಟಿಕೊಂಡೋ ಇರುವ ಮೂಲೆ ಒಳ್ಳೆಯದು.

ಮೂರು ಅಡಿ ಅಗಲದ ಮಡಿ, ನಡುವೆ ಓಡಾಡಲು ಒಂದು ಅಡಿ. ಹೀಗೆ ಮಾಡಿದರೆ ಎಂಟು ಮಡಿ ಕೂರುತ್ತವೆ. ಮಡಿ ಅರ್ಧ ಅಡಿಯಷ್ಟು ಎತ್ತರ ಇರಲಿ. ಗದ್ದೆ ಬಯಲಿನಲ್ಲಿ ಇದನ್ನು ಬಿಟ್ಟರೆ ಬೇರು ಕೊಳೆಯುತ್ತದೆ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕಲಸಿ. ಎಂಟೂ ಮಡಿಯನ್ನು ಒಂದೇ ದಿನ ಬಿತ್ತಬೇಡಿ. ಮೊದಲ ಭಾನುವಾರ ಎರಡೇ ಎರಡು. ಮುಂದಿನ ಭಾನುವಾರ ಇನ್ನೆರಡು.

ಯಾವ ಸೊಪ್ಪು? ಮೆಂತ್ಯ. ಇದಕ್ಕೆ ಬೀಜದಂಗಡಿ ಹುಡುಕುವ ನೆಪವೂ ಬೇಕಿಲ್ಲ. ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ತೆಗೆದು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಹುಪಾಲು ಕಾಳು ಮೊಳೆತರೆ ಅದೇ ಬೀಜ ಆಗುತ್ತದೆ. ಮೊಳೆಯದಿದ್ದರೆ ಅಂಗಡಿಯಿಂದ ತನ್ನಿ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಬಸಿದು, ಮಡಿಯಲ್ಲಿ ಬೆರಳಿನಿಂದ ಗೆರೆ ಎಳೆದು ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ನೀರು ಚಿಮುಕಿಸಬೇಕು. ಪೈಪಿನಿಂದ ನೇರ ಬಿಟ್ಟರೆ ಕಾಳೆಲ್ಲ ಒಂದು ಕಡೆ ಸೇರಿಕೊಳ್ಳುತ್ತದೆ. ಊರ ಕೋಳಿಗಳು ಕೆದರದ ಹಾಗೆ ಮೇಲೆ ಒಣ ತರಗು ಹರಡಿ, ಮೊಳಕೆ ಕಂಡ ಮೇಲೆ ತೆಗೆಯಿರಿ. ವಾರದೊಳಗೆ ಹಸಿರು ಕಾಣುತ್ತದೆ. ನಾಲ್ಕು ವಾರದ ಹೊತ್ತಿಗೆ ಕೀಳಬಹುದು. ಬಿಸಿಲು ಜೋರಾಗಿರುವ ಮಾರ್ಚ್-ಏಪ್ರಿಲ್‌ನಲ್ಲಿ ಶುರು ಮಾಡುವುದಾದರೆ ಮೆಂತ್ಯದ ಬದಲು ದಂಟಿನ ಸೊಪ್ಪು ಹಾಕಿ, ಅದು ಬಿಸಿಲು ತಡೆಯುತ್ತದೆ.

ಸೊಪ್ಪೇ ಯಾಕೆ ಅಂದರೆ, ಕಬ್ಬು ಕೈಗೆ ಬರಲು ಹತ್ತು-ಹನ್ನೆರಡು ತಿಂಗಳು ಬೇಕು. ಏನು ತಪ್ಪಾಯಿತು ಅಂತ ಗೊತ್ತಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಮೆಂತ್ಯ ತಿಂಗಳಿಗೆ ಉತ್ತರ ಹೇಳುತ್ತದೆ. ಮೊದಲ ಎರಡು ಮಡಿಯಲ್ಲಿ ನೀರು ಜಾಸ್ತಿಯಾಗಿತ್ತು ಅಂತ ಕಂಡರೆ ಮುಂದಿನ ಎರಡು ಮಡಿಗೇ ಸರಿಮಾಡಿಕೊಳ್ಳಬಹುದು. ತಲೆಯಲ್ಲಿ ತಿರುಗುತ್ತಿದ್ದ ಪ್ರಶ್ನೆಗಳು ಒಂದೊಂದಾಗಿ ಕೆಳಗಿಳಿಯುವುದು ಹೀಗೆ.

ಮಾರಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮಡಿಯ ಸೊಪ್ಪು ಹೊತ್ತುಕೊಂಡು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ಹೋಗಬೇಡಿ, ಆಟೋ ಖರ್ಚೂ ಹುಟ್ಟದು. ಮೊದಲ ಕಟ್ಟುಗಳು ಮನೆಗೆ, ಅಕ್ಕಪಕ್ಕದವರಿಗೆ. ಆಮೇಲೆ ಊರಿನ ಒಂದು ಅಂಗಡಿ. ನೀವು ಹೇಗೂ ದಿನಾ ಮೈಸೂರಿಗೆ ಹೋಗುತ್ತೀರಿ, ಒಂದು ಚೀಲ ಸೊಪ್ಪು ನಿಮ್ಮ ಜೊತೆಗೇ ಬರಲಿ. ಆಫೀಸಿನಲ್ಲಿ ನಾಲ್ಕು ಜನ ತಗೊಂಡರೂ ನಿಜವಾದ ಬೆಲೆ ಗೊತ್ತಾಗುತ್ತದೆ. ಒಂದು ಬೆಳಿಗ್ಗೆ ಬೇಗ ಹೊರಟು ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಯಲ್ಲಿ ಸುಮ್ನೆ ಒಂದು ಗಂಟೆ ನಿಂತು ನೋಡಿ. ಯಾವ ಕಟ್ಟು ಮೊದಲು ಖಾಲಿಯಾಗುತ್ತದೆ, ಯಾವುದು ಬಾಡುತ್ತಾ ಕೂರುತ್ತದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಪ್ಲಾನ್ ಎಷ್ಟು ದೊಡ್ಡದಿರಬೇಕು?

ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಿಡಿಸುವಷ್ಟು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುತ್ತೀರಲ್ಲ, ಅದೇ ಕ್ಯಾಲೆಂಡರ್. ಬಿತ್ತಿದ ದಿನ ಒಂದು ಗುರುತು, ಮೊಳಕೆ ಬಂದ ದಿನ ಒಂದು, ಕಿತ್ತ ದಿನ ಒಂದು, ಎಷ್ಟು ಕಟ್ಟು, ಎಷ್ಟು ದುಡ್ಡು. ಖರ್ಚಿಗೆ ಒಂದು ಮಿತಿ ಹಾಕಿಕೊಳ್ಳಿ. ಪೂರ್ತಿ ಹೋದರೂ ಮನೆಯಲ್ಲಿ ಜಗಳ ಆಗಬಾರದು, ಅಷ್ಟು ದುಡ್ಡು.

ಆದರೆ ಒಂದನ್ನು ಮಾತ್ರ ಖಚಿತವಾಗಿ ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ. 'ಈ ತಿಂಗಳು ಶುರು ಮಾಡ್ತೀನಿ' ಅಂದರೆ ಆಗುವುದಿಲ್ಲ. 'ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ತಕ್ಷಣ ಗುದ್ದಲಿ ತಗೊಂಡು ಪಂಪ್‌ಸೆಟ್ ಹತ್ತಿರ ಹೋಗ್ತೀನಿ' ಅಂತ ಬರೆಯಿರಿ. ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದ್ದಾರೆ. ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಕಟ್ಟಿಟ್ಟುಕೊಂಡವರು, ಬರೀ ಗುರಿ ಇಟ್ಟುಕೊಂಡವರಿಗಿಂತ ಜಾಸ್ತಿ ಸಲ ಕೆಲಸ ಮುಗಿಸುತ್ತಾರೆ. ಆ ಹೊತ್ತಿಗೆ ಮತ್ತೆ ಹೋಗಲಾ ಬೇಡವಾ ಅಂತ ಯೋಚಿಸುವ ಕೆಲಸ ಉಳಿದಿರುವುದಿಲ್ಲ ನೋಡಿ.

ಹೊಸ ಐಡಿಯಾ ಬರುತ್ತಲೇ ಇರುತ್ತದೆ, ಅದನ್ನು ತಡೆಯಲು ಹೋಗಬೇಡಿ. ಒಂದು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಒಂದೇ ಸಾಲು ಬರೆದು ಮುಚ್ಚಿಡಿ. ಆ ಹಾಳೆ ತೆರೆಯುವುದು ಸೊಪ್ಪು ಕಿತ್ತ ದಿನ ಮಾತ್ರ. ವಿಡಿಯೋನೂ ಅಷ್ಟೆ. ಮೆಂತ್ಯದ ಎಲೆ ಹಳದಿಯಾದರೆ ಅದಕ್ಕೆ ಏನು ಅಂತ ಹುಡುಕಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ ಕೇಳಿ. ಕೈಯಲ್ಲಿ ಇರುವ ಕೆಲಸಕ್ಕೆ ಬೇಕಾದಷ್ಟೇ ಓದು ಸದ್ಯಕ್ಕೆ ಸಾಕು.

ಅಪ್ಪನ ಜೊತೆ ಹೇಗೆ ಮಾತಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಪ್ಲಾನ್ ನಿಲ್ಲುವುದು ಅಲ್ಲೇ. 'ಕಬ್ಬು ತೆಗೆದು ಪಾಲಿಹೌಸ್ ಹಾಕೋಣ' ಅಂದರೆ ಯಾವ ಅಪ್ಪನೂ ಒಪ್ಪುವುದಿಲ್ಲ. ಒಪ್ಪದಿರುವುದರಲ್ಲಿ ತಪ್ಪೂ ಇಲ್ಲ. ಕಾರ್ಖಾನೆಯಿಂದ ಬರುವ ಕಬ್ಬಿನ ದುಡ್ಡಿನಲ್ಲೇ ಮನೆಯ ಮದುವೆ, ಮಕ್ಕಳ ಫೀಸು ಎಲ್ಲ ನಡೆದಿರುತ್ತದೆ. 'ಅಪ್ಪಾ, ಪಂಪ್‌ಸೆಟ್ ಹತ್ರ ಒಂದು ಗುಂಟೆ ಬಿಡು, ಸೊಪ್ಪು ಹಾಕ್ತೀನಿ' ಅಂತ ಕೇಳಿ ನೋಡಿ. 'ಹಾಕ್ಕೊಳ್ಳಪ್ಪ, ನಾನೇನು ಬ್ಯಾಡ ಅಂದ್ನಾ' ಅನ್ನುತ್ತಾರೆ. ಮೂರನೇ ದಿನ ನೀವು ಆಫೀಸಿನಲ್ಲಿರುವಾಗ ಅವರೇ ಮಡಿಗೆ ನೀರು ಹಾಕಿರುತ್ತಾರೆ. ಅಷ್ಟು ವರ್ಷ ಮಣ್ಣು ನೋಡಿದವರಿಗೆ ಗೊತ್ತಿರುವುದರಲ್ಲಿ ಎಷ್ಟೋ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

'ಒಂದು ಗುಂಟೆಯಿಂದ ಏನು ಲಾಭ ಬಂದೀತು?' ಅನ್ನುವ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರುತ್ತದೆ. ಹೇಳಿಕೊಳ್ಳುವಂಥ ಲಾಭ ಬರುವುದಿಲ್ಲ. ಇನ್ನೊಂದು ಮಿತಿಯೂ ಇದೆ. ಒಂದು ಗುಂಟೆಯ ಕಳೆಯನ್ನು ನೀವೇ ಕೀಳಬಹುದು, ಹತ್ತು ಗುಂಟೆಗೆ ಆಳು ಬೇಕು, ಕೂಲಿ ಕೊಡಬೇಕು, ಅವರು ಸಿಗಬೇಕು. ಹಾಗಾಗಿ ಗುಂಟೆಯ ಲೆಕ್ಕವನ್ನು 40ರಿಂದ ಗುಣಿಸಿ ಎಕರೆಯ ಲೆಕ್ಕ ಅಂದುಕೊಳ್ಳಬೇಡಿ. ಎರಡು ಮೂರು ಸರ್ತಿ ಬೆಳೆ ತೆಗೆದ ಮೇಲೂ ಬೆಳಿಗ್ಗೆ ಎದ್ದು ಮಡಿ ಹತ್ತಿರ ಹೋಗಲು ಮನಸ್ಸು ಬರುತ್ತಿದ್ದರೆ, ತಗೊಳ್ಳುವವರು ಇನ್ನೂ ಬೇಕು ಅಂತ ಕೇಳುತ್ತಿದ್ದರೆ, ಐದು ಗುಂಟೆ ಮಾಡಿ. ಅಲ್ಲಿ ಆಳಿನ ಕಷ್ಟ, ರೋಗದ ಕಷ್ಟ ಗೊತ್ತಾಗುತ್ತದೆ. ಅದು ದಾಟಿದರೆ ಹತ್ತು. ಮನಸ್ಸೇ ಬರದಿದ್ದರೆ ನಿಲ್ಲಿಸಿ. ಕೃಷಿ ನನಗಲ್ಲ ಅಂತ ಒಂದು ಗುಂಟೆಯಲ್ಲೇ ಗೊತ್ತಾದರೆ ಸಾಲ ಎತ್ತುವ ಮುಂಚೆ ಗೊತ್ತಾಯಿತಲ್ಲ, ಅದೂ ಒಳ್ಳೆಯದೇ.

ನಿದ್ದೆಯ ವಿಷಯ ಬರೆದಿದ್ದೀರಿ. ಕೈಗೆ ಕೆಲಸ ಹತ್ತಿದ ಮೇಲೆ ಎಷ್ಟೋ ಜನರಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಜಮೀನಿನ ವಿಷಯ ಬಿಟ್ಟು ಬೇರೆಲ್ಲದಕ್ಕೂ ಹೀಗೇ ತಲೆ ತಿರುಗುತ್ತಿದ್ದರೆ, ಊಟ ಸೇರದಿದ್ದರೆ, ಇದನ್ನು ಬರೀ ಪ್ಲಾನಿನ ಸಮಸ್ಯೆ ಅಂದುಕೊಳ್ಳಬೇಡಿ. ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಗೆ ಕೆಲಸದ ಮಾತು. ತಿಂಗಳ ಸಂಬಳ ಇರುವುದರಿಂದಲೇ ನೀವು ಈ ಗುಂಟೆಯನ್ನು ಭಯವಿಲ್ಲದೆ ಮಾಡಬಹುದು. ಸಂಬಳ ಇಲ್ಲದಿದ್ದರೆ ಮೊದಲ ಮಡಿಯ ಮೆಂತ್ಯದಿಂದಲೇ ಮನೆ ನಡೆಯಬೇಕು ಅನ್ನುವ ಒತ್ತಡ ಬರುತ್ತದೆ, ಮತ್ತೆ ಅದೇ ಗೊಂದಲ ಶುರುವಾಗುತ್ತದೆ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ನಿಮ್ಮ ಮಡಿ ನೋಡಲಿ. ನಾಲೆ ನೀರು ನಿಂತ ತಿಂಗಳು ನೀವು ಏನು ಮಾಡಿದಿರಿ ಅನ್ನುವುದು ಆ ಕ್ಯಾಲೆಂಡರ್‌ನಲ್ಲಿ ಇರುತ್ತದೆ. ಕೆಲಸ ಬಿಡಲಾ ಅಂತ ಆಗ ಕೇಳಿದರೆ, ನನ್ನ ಬದಲು ನಿಮ್ಮ ಅಪ್ಪನೇ ಉತ್ತರ ಹೇಳಬಲ್ಲರು.